ಖಾಲಿ ರಾಡು ಎತ್ತೋ ಹುಡುಗನನ್ನ ನೋಡಿ ನಗಬೇಡಿ

ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಕೆ.ಜಿ.ಎಫ್.ನ ಅಪ್ಪಂದಿರು ಬೆಳಗಿನ ಜಾವ ಮಾರಿಕುಪ್ಪಂ ರೈಲು ಹತ್ತಿ, ಬಂಗಾರಪೇಟೆ ಮೇಲೆ ಬೆಂಗಳೂರಿಗೆ ದುಡಿಯಲು ಓಡುತ್ತಾರೆ. ಸಂಜೆ ಹದಿನೈದರ ಮಗ ಜಿಮ್ಮಿಗೆ ಓಡುತ್ತಾನೆ. ಓಡಲಿ ಬಿಡಿ, ಮೂಲೆ ಅಂಗಡೀಲಿ ಬೀಡಿ ಸೇದೋದಕ್ಕಿಂತ ಲೇಸು!

ತಕರಾರು ಬೇರೆ. ಮೊದಲ ದಿನವೇ ಪಕ್ಕದವನಷ್ಟು ಭಾರ ಎತ್ತಬೇಕು, ಮೂರೇ ತಿಂಗಳಿಗೆ ‘ಕೆ.ಜಿ.ಎಫ್’ ಸಿನಿಮಾದ ಯಶ್ ಆಗಬೇಕು. ಬೆನ್ನು ಹಿಡಿದುಕೊಂಡು ಮನೆಗೆ ಬಂದರೆ ‘ಭಾರ ಎತ್ತಿದ್ರೆ ಕುಳ್ಳ ಆಗ್ತೀಯ ಕಣೋ’ ಅಂತ ಅಜ್ಜಿಯ ಬೈಗುಳ. ಪಾಪ, ಅಜ್ಜಿಯ ಮಾತಿಗೆ ಆಧಾರವಿಲ್ಲ. ಬಲ್ಲವರ ಕಣ್ಣೆದುರು ಕ್ರಮವಾಗಿ ಎತ್ತಿದರೆ ಬೆಳವಣಿಗೆ ನಿಲ್ಲದು. 5ರಿಂದ 17 ವಯಸ್ಸಿನವರು ವಾರಕ್ಕೆ 3 ದಿನವಾದರೂ ಮೂಳೆ, ಸ್ನಾಯು ಗಟ್ಟಿಯಾಗೋ ಕಸರತ್ತು ಮಾಡಲಿ ಅಂತ 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ಹಳೇ ಗರಡಿಮನೆಯಲ್ಲಿ ಉಸ್ತಾದ್ ಮೊದಲು ದಂಡ, ಬಸ್ಕಿ ಹೊಡೆಸುತ್ತಿದ್ದರು, ಗದೆ ಆಮೇಲೆ. ಈಗಲೂ ಲೆಕ್ಕ ಅದೇ. ಮೊದಲ ಕೆಲವು ವಾರ ಹಗುರ ಡಂಬೆಲ್ಲು ಸಾಕು. ದೊಡ್ಡ ರಾಡು ಖಾಲಿ ಇದ್ದರೂ 20 ಕಿಲೋ ತೂಗುತ್ತೆ ಸ್ವಾಮಿ! 10-15 ಸಲ ಬೆನ್ನು ಬಾಗದಂತೆ ಎತ್ತಿ ಇಳಿಸಲು ಬಂದ ಮೇಲೆ ಒಂದಿಷ್ಟು ತೂಕ ಏರಿಸಲಿ. ಮಧ್ಯೆ ಒಂದು ದಿನ ಬಿಡುವು.

ಇನ್ನು ಆ ಪೌಡರ್ ಡಬ್ಬಿ. ಸಾವಿರಾರು ರೂಪಾಯಿ! ಮೊಟ್ಟೆ, ಕಡಲೆಕಾಯಿ, ಹುರುಳಿ ಸಾರು, ರಾಗಿಮುದ್ದೆ ಇರೋ ಮನೆಗೆ ಅದು ಯಾಕೆ?

ರಜೆ ಸಿಕ್ಕ ಸಂಜೆ ಅಪ್ಪನೇ ಒಮ್ಮೆ ಜಿಮ್ಮಿಗೆ ಹೋಗಿ ನೋಡಲಿ: ಹುಡುಗರ ಪಕ್ಕ ನಿಂತು ತಿದ್ದುವವರು ಇದ್ದಾರೋ, ಫೀಸು ಎಣಿಸುವವರು ಮಾತ್ರವೋ?