ಮಿದುಳಿನ ಚಿತ್ರ ಮಾರಾಟದ ಸರಕಾಗದಿರಲಿ

ಹದಿಹರೆಯದ ಮಕ್ಕಳ ಖಿನ್ನತೆಯನ್ನು ಮಿದುಳಿನ ಸ್ಕ್ಯಾನ್ ನೋಡಿಯೇ ಹೇಳಿಬಿಡುತ್ತೇವೆ ಎಂಬ ಜಾಹೀರಾತು ನಮ್ಮ ಊರುಗಳಲ್ಲಿ ಕಾಣಿಸಿಕೊಳ್ಳುವ ದಿನ ದೂರವಿಲ್ಲ. ಮಿದುಳಿನ ರಕ್ತದ ಹರಿವನ್ನು ತೋರಿಸುವ ಸ್ಪೆಕ್ಟ್ ಸ್ಕ್ಯಾನ್ ಆಧರಿಸಿ ಮಾನಸಿಕ ಕಾಯಿಲೆ ಗುರುತಿಸುವುದಾಗಿ ಹೇಳಿಕೊಳ್ಳುವ ಖಾಸಗಿ ಕ್ಲಿನಿಕ್‌ಗಳು ಅಮೆರಿಕದಲ್ಲಿ ವರ್ಷಗಳಿಂದ ನಡೆಯುತ್ತಿವೆ. ಅಂಕ, ಕೋಚಿಂಗ್, ಸೀಟು ಎಂದು ಮೊದಲೇ ಕಂಗೆಟ್ಟಿರುವ ತಂದೆತಾಯಿಯ ಮುಂದೆ ಬಣ್ಣದ ಚಿತ್ರವೊಂದನ್ನು ಹಿಡಿದು ಹಣ ಕೀಳುವುದು ಕಷ್ಟವೇನಲ್ಲ. ದಂಧೆ ಬೇರೂರುವ ಮುನ್ನವೇ ಸರ್ಕಾರ ಎಚ್ಚೆತ್ತುಕೊಳ್ಳಬೇಕು.

ಮಿದುಳಿನ ಸಂಶೋಧನೆಯನ್ನು ಹಗುರಾಗಿ ಕಾಣುವ ಮಾತಲ್ಲ ಇದು. ಭಾವನೆಗಳನ್ನು ಕೆರಳಿಸುವ ಅಮಿಗ್ಡಲಾದಂಥ ಭಾಗಗಳು ಹರೆಯದಲ್ಲಿ ಚುರುಕಾಗುತ್ತವೆ. ಅವಕ್ಕೆ ಲಗಾಮು ಹಾಕುವ ಪ್ರಿಫ್ರಂಟಲ್ ಕಾರ್ಟೆಕ್ಸ್ ಪಕ್ವವಾಗಲು ಇಪ್ಪತ್ತೈದರ ಆಸುಪಾಸು ಬರಬೇಕು. ಮೆಚ್ಚುಗೆ, ಗೆಲುವಿಗೆ ಸ್ಪಂದಿಸುವ ಸ್ಟ್ರಯೇಟಮ್, ಖಿನ್ನತೆಯಿರುವ ಹರೆಯದವರಲ್ಲಿ ಮಂಕಾಗಿರುವುದನ್ನು ಹಲವು ಅಧ್ಯಯನಗಳು ಗುರುತಿಸಿವೆ. ಆದರೆ ಇವೆಲ್ಲ ಗುಂಪಿನ ಸರಾಸರಿ. ಖಿನ್ನತೆ ಇರುವವರ ಮತ್ತು ಇಲ್ಲದವರ ಚಿತ್ರಗಳು ಬಹುಪಾಲು ಒಂದರೊಳಗೊಂದು ಬೆರೆತೇ ಇರುತ್ತವೆ. ಮಿದುಳಿನ ರಚನೆಗೂ ಮನಸ್ಸಿನ ಲಕ್ಷಣಗಳಿಗೂ ನಡುವಿನ ನಂಟನ್ನು ನೆಚ್ಚುವಂತೆ ತೋರಿಸಬೇಕಾದರೆ ಸಾವಿರಾರು ಜನರ ಸ್ಕ್ಯಾನ್ ಬೇಕೆಂದು 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ ಹೇಳಿತು. ಹಾಗಿರುವಾಗ ಒಂದೇ ಮಗುವಿನ ಒಂದು ಚಿತ್ರ ಏನು ತಾನೇ ಹೇಳೀತು? ಗಡ್ಡೆ ಮೊದಲಾದ ಬೇರೆ ಕಾಯಿಲೆಯ ಅನುಮಾನ ಬಂದಾಗ ವೈದ್ಯರು ಎಂಆರ್‌ಐ ಬರೆಯುವುದು ಬೇರೆ ಮಾತು.

ಹಣ ಪೋಲಾಗುವುದು ಸಣ್ಣ ನಷ್ಟ. ‘ಸ್ಕ್ಯಾನ್ ನಾರ್ಮಲ್ ಇದೆ, ಇವನದು ಬರೀ ಸೋಮಾರಿತನ’ ಎಂದು ಮನೆಯವರು ನಿರಾಳವಾದರೆ ನರಳುತ್ತಿರುವ ಹುಡುಗ ಒಂಟಿಯಾಗುತ್ತಾನೆ. ದೊಡ್ಡ ಅಪಾಯ ಅದು. ಹರೆಯದವರ ಖಿನ್ನತೆ ಅಳುವಿನ ರೂಪದಲ್ಲೇ ಬರಬೇಕೆಂದಿಲ್ಲ. ಸಿಡುಕಾಗಿ ಹೊರಬರುವುದೂ ಉಂಟು. ನಿದ್ದೆ, ಊಟ ಏರುಪೇರಾಗಿ, ಗೆಳೆಯರು, ಆಟ ಬೇಡವಾಗಿ ಎರಡು ವಾರ ಕಳೆದರೆ ಕೂತು ಮಾತನಾಡಿಸಬೇಕು, ವೈದ್ಯರಿಗೆ ತೋರಿಸಬೇಕು. ‘ಸಾಯಬೇಕು’ ಎಂಬ ಮಾತು ಬಂದರಂತೂ ಒಂದು ದಿನವೂ ಕಾಯಬಾರದು. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ–ಮನಸ್‌ನ ನೆರವು ಉಚಿತವಾಗಿ ಸಿಗುತ್ತದೆ.

ಮಾನಸಿಕ ಕಾಯಿಲೆಗಳಲ್ಲಿ ಮೂರನೇ ಒಂದರಷ್ಟು 14 ವರ್ಷ ತುಂಬುವ ಮೊದಲೇ ಶುರುವಾಗಿರುತ್ತವೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿಮ್ಹಾನ್ಸ್ ನೇತೃತ್ವದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರ ಪೈಕಿ ಶೇ 7.3 ಮಂದಿಗೆ ಮಾನಸಿಕ ತೊಂದರೆ ಕಂಡುಬಂದಿತ್ತು. ಇಷ್ಟು ಮಕ್ಕಳನ್ನು ತಲುಪುವ ದಾರಿ ಶಾಲೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕವೇ ಹೋಗಬೇಕು. ಪ್ರಾಥಮಿಕ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು ಹಳ್ಳಿಯಲ್ಲೇ ಚಿಕಿತ್ಸೆ ಕೊಡಬಹುದೆಂದು 1980ರ ದಶಕದಲ್ಲಿ ದೇಶಕ್ಕೆ ತೋರಿಸಿದ್ದು ನಮ್ಮ ಬಳ್ಳಾರಿಯೇ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಅದು.

ರಾಜ್ಯ ಸರ್ಕಾರ ಈಗಲೇ ಮೂರು ಕೆಲಸ ಮಾಡಲಿ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಅಧಿಕಾರ ಬಳಸಿ, ಸ್ಕ್ಯಾನ್‌ನಿಂದ ಖಿನ್ನತೆ ಪತ್ತೆ ಎಂಬ ಜಾಹೀರಾತಿಗೆ ತಡೆ ಹಾಕಲಿ. ಇಂಥ ಸ್ಕ್ಯಾನ್‌ಗಳ ಪ್ರಚಾರ ಶಿಬಿರಗಳಿಗೆ ಶಾಲಾ, ಕಾಲೇಜುಗಳ ಆವರಣದಲ್ಲಿ ಜಾಗ ಇಲ್ಲವೆಂದು ಸುತ್ತೋಲೆ ಹೊರಡಿಸಲಿ. ಪ್ರತಿ ಪ್ರೌಢಶಾಲೆ, ಪಿಯು ಕಾಲೇಜಿಗೂ ತರಬೇತಿ ಪಡೆದ ಆಪ್ತಸಮಾಲೋಚಕರು ಸಿಗುವಂತೆ ಬಜೆಟ್‌ನಲ್ಲಿ ಹಣ ಇಡಲಿ. ಸಂಶೋಧನೆಯ ಸ್ಕ್ಯಾನ್‌ಗಳು ಒಪ್ಪಿಗೆ, ನೈತಿಕ ಸಮಿತಿಯ ನಿಗಾದಲ್ಲಿ ಮುಂದುವರಿಯಲಿ. ಅವುಗಳ ಫಲ ಚಿಕಿತ್ಸೆಗೆ ಒದಗುವಷ್ಟು ಗಟ್ಟಿಯಾದಾಗ ಹಾಗೆಂದು ವಿಜ್ಞಾನಿಗಳು ಹೇಳಬೇಕು, ಮಾರಾಟಗಾರರಲ್ಲ.