ಪೈಲಟ್ ತಪ್ಪಿನಾಚೆಗೆ ಉಳಿಯುವ ಪ್ರಶ್ನೆಗಳು

ತಮಿಳುನಾಡಿನ ಕೂನೂರಿನ ಬಳಿ 2021ರ ಡಿಸೆಂಬರ್ 8ರಂದು ವಾಯುಪಡೆಯ ಎಂಐ-17 ವಿ5 ಹೆಲಿಕಾಪ್ಟರ್ ಅಪಘಾತಕ್ಕೀಡಾಗಿ, ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಅವರೂ ಸೇರಿದಂತೆ 14 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಒಬ್ಬರಾದ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಒಂದು ವಾರ ಸಾವಿನೊಡನೆ ಸೆಣಸಿ ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಮೂರೂ ಪಡೆಗಳ ಜಂಟಿ ತನಿಖೆಯ ಪ್ರಾಥಮಿಕ ನಿಷ್ಕರ್ಷೆಯನ್ನು ವಾಯುಪಡೆ 2022ರ ಜನವರಿಯಲ್ಲಿ ಪ್ರಕಟಿಸಿತು. ಯಾಂತ್ರಿಕ ವೈಫಲ್ಯ, ವಿಧ್ವಂಸಕ ಕೃತ್ಯ, ನಿರ್ಲಕ್ಷ್ಯ ಈ ಮೂರನ್ನೂ ಅದು ತಳ್ಳಿಹಾಕಿತ್ತು. ಕಣಿವೆಯ ಹವಾಮಾನ ಅನಿರೀಕ್ಷಿತವಾಗಿ ಬದಲಾಗಿ ಹೆಲಿಕಾಪ್ಟರ್ ಮೋಡದೊಳಗೆ ಹೊಕ್ಕಿತು, ಪೈಲಟ್‌ಗೆ ದಿಕ್ಕು ಮತ್ತು ನೆಲೆಗಳ ಭ್ರಮೆ ಉಂಟಾಯಿತು ಎಂಬುದು ಅದರ ಸಾರ.

ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿ 2024ರ ಡಿಸೆಂಬರ್‌ನಲ್ಲಿ ಮಂಡಿಸಿದ ವರದಿಯಲ್ಲಿ 2017-22ರ ಅವಧಿಯ 34 ವಾಯುಪಡೆ ಅಪಘಾತಗಳ ಉಲ್ಲೇಖವಿದೆ. ಕೂನೂರಿನ ದುರಂತವೂ ಅವುಗಳಲ್ಲಿ ಒಂದು. ಅದರ ಕಾರಣವನ್ನು ಅಲ್ಲಿ ನಮೂದಿಸಿರುವುದು ಎರಡೇ ಮಾತಿನಲ್ಲಿ: ‘ಮಾನವ ದೋಷ’. ದೋಷ ವಿಮಾನ ಸಿಬ್ಬಂದಿಯದು ಎಂಬ ವಿವರಣೆ ಆವರಣದಲ್ಲಿದೆ.

ಈ ಎರಡು ಹೇಳಿಕೆಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಮೊದಲನೆಯದು ಮುಂದಿನ ಪ್ರಶ್ನೆಗಳಿಗೆ ದಾರಿ ಮಾಡಿಕೊಡುತ್ತದೆ, ಎರಡನೆಯದು ಆ ದಾರಿಯನ್ನು ಮುಚ್ಚುತ್ತದೆ. ಸೇನಾ ವಿಮಾನಯಾನದ ಸುರಕ್ಷತೆಯ ಚರ್ಚೆ ನಮ್ಮಲ್ಲಿ ಬೆಳೆಯದಿರುವುದಕ್ಕೆ ಮುಖ್ಯ ಕಾರಣ ಇದೇ.

ಮನುಷ್ಯನ ಶರೀರ ರೂಪುಗೊಂಡಿರುವುದು ನೆಲದ ಮೇಲೆ ನಡೆಯುವುದಕ್ಕೆ. ದಿಗಂತ ಕಣ್ಣಿಗೆ ಕಾಣದಿದ್ದಾಗ ಒಳಗಿವಿಯ ದ್ರವ ಕೊಡುವ ಸೂಚನೆಯನ್ನು ನಂಬುವಂತಿಲ್ಲ. ವಾಲಿದ ವಿಮಾನ ಸಮತಟ್ಟಾಗಿ ಹಾರುತ್ತಿದೆ ಎಂದೇ ಅದು ಹೇಳಬಹುದು. ಮುಂಗಾರಿನ ಮೋಡ ಕವಿದಾಗ ಕಪ್ಪತಗುಡ್ಡದ ಸಾಲು ಕಣ್ಣೆದುರೇ ಮಾಯವಾಗುವುದನ್ನು ಗದಗ, ನಾಗಾವಿ ಕಡೆಯವರು ಬಲ್ಲರು. ರಸ್ತೆಯ ಮೇಲಿರುವವನು ಆಗ ವಾಹನ ನಿಲ್ಲಿಸಿ ಕಾಯಬಹುದು. ಕಣಿವೆಯ ನಡುವೆ ಹಾರುತ್ತಿರುವ ಪೈಲಟ್‌ಗೆ ಆ ಅವಕಾಶವಿಲ್ಲ. ನಿರ್ಧಾರಕ್ಕೆ ದೊರೆಯುವುದು ಕೆಲವೇ ಕ್ಷಣ. ಎಷ್ಟೇ ನುರಿತ ಪೈಲಟ್ ಕೂಡ ಈ ಭ್ರಮೆಗೆ ಹೊರತಲ್ಲ.

ಈ ವಿಷಯದ ಅಧ್ಯಯನಕ್ಕೆಂದೇ ಬೆಂಗಳೂರಿನಲ್ಲಿ ವಾಯುಪಡೆಯ ಸಂಸ್ಥೆಯೊಂದಿದೆ. 1957ರಲ್ಲಿ ವೈಮಾನಿಕ ವೈದ್ಯಶಾಲೆಯಾಗಿ ಆರಂಭವಾದ ಅದು ಇಂದು ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಎಂದು ಹೆಸರಾಗಿದೆ. ಗಗನಯಾನಕ್ಕೆ ಅಭ್ಯರ್ಥಿಗಳನ್ನು ಪರೀಕ್ಷಿಸಿದ್ದು ಇಲ್ಲಿಯೇ ಎಂಬುದು ಬಹುಮಂದಿಗೆ ಗೊತ್ತು. ಪೈಲಟ್‌ನ ನಿದ್ರೆ, ದಣಿವು, ಗುರುತ್ವದ ಒತ್ತಡ, ದಿಗ್ಭ್ರಮೆ, ಕಾಕ್‌ಪಿಟ್‌ನ ವಿನ್ಯಾಸ ಇವುಗಳಿಗೂ ಅಪಘಾತಕ್ಕೂ ಇರುವ ನಂಟನ್ನು ಹುಡುಕುವುದು ಈ ಕ್ಷೇತ್ರದ ತಜ್ಞರ ದಿನನಿತ್ಯದ ಕೆಲಸ ಎಂಬುದು ಅಷ್ಟಾಗಿ ಗೊತ್ತಿಲ್ಲ. ‘ಯಾರು ತಪ್ಪಿದರು’ ಎಂಬ ಪ್ರಶ್ನೆಗೆ ಉತ್ತರ ದೊರೆತ ಮೇಲೆ ಅವರ ಕೆಲಸ ಶುರುವಾಗುತ್ತದೆ. ಆ ತಪ್ಪು ಆ ಹೊತ್ತಿನಲ್ಲಿ ಆ ವ್ಯಕ್ತಿಗೆ ಸರಿಯೆಂದು ಏಕೆ ತೋರಿತು ಎಂದು ಅವರು ಕೇಳುತ್ತಾರೆ.

ಈ ಪ್ರಶ್ನೆಗೆ ಎರಡನೆಯ ಮಹಾಯುದ್ಧದ ಕಾಲದ ಹಿನ್ನೆಲೆಯಿದೆ. ಅಮೆರಿಕದ ಬಿ-17 ಬಾಂಬರ್‌ಗಳ ಪೈಲಟ್‌ಗಳು ನೆಲಕ್ಕಿಳಿದ ಮೇಲೆ ರೆಕ್ಕೆಯ ಫ್ಲಾಪ್ ಎಳೆದುಕೊಳ್ಳುವ ಬದಲು ಚಕ್ರಗಳನ್ನೇ ಮಡಚಿಬಿಡುತ್ತಿದ್ದರು. ಮನಶ್ಶಾಸ್ತ್ರಜ್ಞ ಆಲ್ಫೊನ್ಸ್ ಚಪಾನಿಸ್ ಗಮನಿಸಿದಾಗ ಕಂಡದ್ದು ಇಷ್ಟೆ: ಒಂದೇ ಬಗೆಯ ಎರಡು ಹಿಡಿಗಳನ್ನು ಅಕ್ಕಪಕ್ಕದಲ್ಲಿ ಇಡಲಾಗಿತ್ತು. ಚಕ್ರದ ಹಿಡಿಗೆ ಚಕ್ರದ ಆಕಾರವನ್ನೂ ಫ್ಲಾಪ್‌ನ ಹಿಡಿಗೆ ಬೇರೆ ಆಕಾರವನ್ನೂ ಕೊಡುವುದೇ ಅದಕ್ಕೆ ಪರಿಹಾರವಾಯಿತು. ಎಷ್ಟು ಪೈಲಟ್‌ಗಳನ್ನು ದಂಡಿಸಿದ್ದರೂ ಈ ಪರಿಹಾರ ಹೊಳೆಯುತ್ತಿರಲಿಲ್ಲ.

ನಮ್ಮದೇ ರಾಜ್ಯಕ್ಕೆ ಸಂಬಂಧಿಸಿದ ನಿದರ್ಶನ ಇನ್ನೂ ಗಂಭೀರವಾದುದು. ಮಿಗ್-21 ವಿಮಾನಗಳು ಒಂದರ ಹಿಂದೊಂದು ಉರುಳುತ್ತಿದ್ದ ವರ್ಷಗಳಲ್ಲಿ ‘ಪೈಲಟ್ ತಪ್ಪು’ ಎಂಬ ಮಾತು ಪದೇ ಪದೇ ಕೇಳಿಬರುತ್ತಿತ್ತು. ಕಡಿಮೆ ವೇಗದ ತರಬೇತಿ ವಿಮಾನಗಳಲ್ಲಿ ಕಲಿತ ತರುಣರು ನೇರವಾಗಿ ಶಬ್ದಾತೀತ ವೇಗದ, ಇಳಿಯುವಾಗಲೂ ಅತಿ ವೇಗವಿರುವ ಮಿಗ್‌ಗಳಿಗೆ ಹತ್ತಬೇಕಿತ್ತು. ನಡುವೆ ಒಂದು ಮೆಟ್ಟಿಲು, ಅಂದರೆ ಸುಧಾರಿತ ಜೆಟ್ ತರಬೇತಿ ವಿಮಾನ ಬೇಕೆಂದು ಲಾ ಫೊಂಟೇನ್ ಸಮಿತಿ 1982ರಲ್ಲಿಯೇ ಶಿಫಾರಸು ಮಾಡಿತ್ತು. ಹಾಕ್ ವಿಮಾನಗಳ ಖರೀದಿ ಒಪ್ಪಂದಕ್ಕೆ ಸಹಿ ಬಿದ್ದದ್ದು 2004ರಲ್ಲಿ. ಬೀದರ್ ವಾಯುನೆಲೆಯಲ್ಲಿ ಅವು ವಿಧ್ಯುಕ್ತವಾಗಿ ಸೇವೆಗೆ ಸೇರಿದ್ದು 2008ರ ಫೆಬ್ರುವರಿಯಲ್ಲಿ. ಶಿಫಾರಸಿನಿಂದ ಸೇರ್ಪಡೆಯವರೆಗೆ ಇಪ್ಪತ್ತಾರು ವರ್ಷ! ಆ ಅವಧಿಯಲ್ಲಿ ಕಾಕ್‌ಪಿಟ್‌ನಲ್ಲಿ ತಪ್ಪಿದ ಕೈ ತರುಣ ಪೈಲಟ್‌ನದೇ ಇರಬಹುದು. ಆದರೆ ಕಡತದ ಮೇಲೆ ತಡೆದು ನಿಂತ ಕೈಗಳ ಲೆಕ್ಕ ಯಾವ ಅಪಘಾತ ವರದಿಯಲ್ಲಿ ಬರಬೇಕು? ಮಿಗ್-21 2025ರ ಸೆಪ್ಟೆಂಬರ್‌ನಲ್ಲಿ ನಿವೃತ್ತವಾಯಿತು. ಈ ಪ್ರಶ್ನೆ ನಿವೃತ್ತವಾಗಿಲ್ಲ.

ಇನ್ನೊಂದು ನಿದರ್ಶನ ಬೆಂಗಳೂರಿನ ನೆರೆಯದು. 2009ರ ಮಾರ್ಚ್ 6ರಂದು ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ‘ಸರಸ್’ ವಿಮಾನ ಪರೀಕ್ಷಾ ಹಾರಾಟದಲ್ಲಿ ಬಿಡದಿಯ ಬಳಿ ಬಿದ್ದು ವಾಯುಪಡೆಯ ಮೂವರು ಅಧಿಕಾರಿಗಳು ಅಸುನೀಗಿದರು. ಹಾರಿಸುತ್ತಿದ್ದವರು ವಾಯುಪಡೆಯವರಾದರೂ ವಿಮಾನ ನಾಗರಿಕ ವಿಭಾಗದ್ದಾದ್ದರಿಂದ ತನಿಖೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಮೂಲಕ ನಡೆಯಿತು, ವರದಿಯೂ ಬಹಿರಂಗವಾಯಿತು. ಗಾಳಿಯಲ್ಲಿ ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡುವುದಕ್ಕೆ ವಿನ್ಯಾಸಕರು ರೂಪಿಸಿಕೊಟ್ಟ ಕ್ರಮವೇ ಸರಿಯಿರಲಿಲ್ಲ, ಅದನ್ನು ಸಾಲದ ಎತ್ತರದಲ್ಲಿ ಪಾಲಿಸಲಾಯಿತು, ಪ್ರೊಪೆಲರ್ ತಯಾರಕರೊಡನೆ ಸಮಾಲೋಚಿಸಿರಲಿಲ್ಲ ಎಂದು ಅದು ಹೇಳಿತು. ಸಿಬ್ಬಂದಿಯ ಸಮನ್ವಯದ ಕೊರತೆಯನ್ನೂ ಅದು ಮುಚ್ಚಿಡಲಿಲ್ಲ. ಪೈಲಟ್‌ಗಳ ಪಾಲು, ವಿನ್ಯಾಸಕರ ಪಾಲು, ಮೇಲ್ವಿಚಾರಣೆಯ ಪಾಲು ಒಂದೇ ವರದಿಯಲ್ಲಿ ಬಿಡಿಬಿಡಿಯಾಗಿ ಸಿಕ್ಕಿದ್ದರಿಂದ ಅದರಿಂದ ಕಲಿಯಲು ಸಾಧ್ಯವಾಯಿತು. ಸೇನಾ ವಿಮಾನಗಳ ಅಪಘಾತಗಳಲ್ಲಿ ಕೋರ್ಟ್ ಆಫ್ ಎನ್‌ಕ್ವಯರಿಯ ವರದಿ ಇಂಥ ಬೆಳಕು ಕಾಣುವುದಿಲ್ಲ.

ಇದು ವಾಯುಪಡೆಗೆ ಮಾತ್ರ ಅಂಟಿದ ದೋಷವಲ್ಲ. ಸರ್ಕಾರಿ ಸೇವೆಯಲ್ಲಿ ದಶಕಗಳನ್ನು ಕಳೆದ ಯಾರೂ ಇಲಾಖಾ ವಿಚಾರಣೆಗಳಲ್ಲಿ ಇದೇ ಪ್ರವೃತ್ತಿಯನ್ನು ಕಂಡಿರುತ್ತಾರೆ. ಜವಾಬ್ದಾರಿ ನಿಗದಿಯಾದ ಕೂಡಲೇ ಕಡತ ಮುಕ್ತಾಯವಾಗುತ್ತದೆ. ಇದರ ಹಿಂದೆ ಸರಳವಾದ ಅರ್ಥಶಾಸ್ತ್ರವಿದೆ. ವ್ಯಕ್ತಿಯೊಬ್ಬನನ್ನು ಹೊಣೆ ಮಾಡಲು ಖರ್ಚಿಲ್ಲ. ತರಬೇತಿ ಸಾಲದು, ಉಪಕರಣ ಹಳತಾಗಿದೆ, ಸಿಬ್ಬಂದಿ ದಣಿದಿದ್ದಾರೆ ಎಂದು ಬರೆದರೆ ಅನುದಾನ ಕೇಳಬೇಕಾಗುತ್ತದೆ, ಮೇಲಿನವರು ಉತ್ತರಿಸಬೇಕಾಗುತ್ತದೆ. ಆದ್ದರಿಂದ ಅಗ್ಗದ ಉತ್ತರಕ್ಕೇ ಬೇಡಿಕೆ ಹೆಚ್ಚು. ಅದರ ನಿಜವಾದ ಬೆಲೆ ತೆರುವವರು ಮುಂದಿನ ವಿಮಾನದಲ್ಲಿ ಕುಳಿತವರು.

ಬ್ರಿಟನ್ನಿನ ಅನುಭವ ಇಲ್ಲಿ ಉಪಯುಕ್ತ. ಆ ದೇಶದ ನಿಮ್ರಾಡ್ ವಿಮಾನವೊಂದು 2006ರಲ್ಲಿ ಅಫ್ಘಾನಿಸ್ತಾನದಲ್ಲಿ ಬಿದ್ದು 14 ಮಂದಿ ಸತ್ತರು. ಚಾರ್ಲ್ಸ್ ಹ್ಯಾಡನ್-ಕೇವ್ ಅವರ ಸ್ವತಂತ್ರ ಪರಿಶೀಲನೆ 2009ರಲ್ಲಿ ಸಚಿವಾಲಯ ಮತ್ತು ಕಂಪನಿಗಳ ಲೋಪಗಳನ್ನು ಬಹಿರಂಗವಾಗಿ ದಾಖಲಿಸಿತು. ಮರುವರ್ಷವೇ ಸೇನಾ ವಿಮಾನಯಾನಕ್ಕೆಂದು ಪ್ರತ್ಯೇಕ ನಿಯಂತ್ರಣ ಪ್ರಾಧಿಕಾರ ಅಲ್ಲಿ ಸ್ಥಾಪನೆಯಾಯಿತು. ನಮ್ಮಲ್ಲಿ ಸೇನಾ ವಿಮಾನಗಳ ಹಾರಾಟಯೋಗ್ಯತೆಯನ್ನು ಪ್ರಮಾಣೀಕರಿಸುವ ಬೆಂಗಳೂರಿನ ಸೆಮಿಲ್ಯಾಕ್ ಸಂಸ್ಥೆ ಇರುವುದು ಡಿಆರ್‌ಡಿಒ ಅಡಿಯಲ್ಲಿ. ವಿನ್ಯಾಸದಲ್ಲಿ ತೊಡಗಿರುವ ಸಂಘಟನೆಯೇ ಪರೀಕ್ಷಕನೂ ಆಗಿರುವುದು, ಅಲ್ಲಿನವರು ಎಷ್ಟೇ ಸಮರ್ಥರಾಗಿರಲಿ, ಆರೋಗ್ಯಕರ ವ್ಯವಸ್ಥೆಯಲ್ಲ.

ಎಲ್ಲವನ್ನೂ ಬಹಿರಂಗಪಡಿಸಿದರೆ ಶತ್ರುವಿಗೆ ಅನುಕೂಲ, ಶಿಕ್ಷೆಯ ಭಯವಿಲ್ಲದಿದ್ದರೆ ಸೇನೆಯ ಶಿಸ್ತು ಸಡಿಲವಾಗುತ್ತದೆ ಎಂಬ ಆಕ್ಷೇಪಗಳನ್ನು ಹಗುರವಾಗಿ ಕಾಣಬಾರದು. ತಿಳಿದೂ ನಿಯಮ ಮುರಿದವನಿಗೆ ಶಿಕ್ಷೆ ಆಗಲೇಬೇಕು. ಆದರೆ ಅರಿಯದೆ ಜಾರಿದ ಕೈಗೂ ಅದೇ ಶಿಕ್ಷೆ ಎಂದಾದರೆ, ಕೂದಲೆಳೆಯಲ್ಲಿ ತಪ್ಪಿದ ಅಪಘಾತಗಳನ್ನು ಯಾವ ಪೈಲಟ್ ವರದಿ ಮಾಡುತ್ತಾನೆ? ಅಮೆರಿಕದ ನಾಸಾ 1976ರಿಂದ ನಾಗರಿಕ ವಿಮಾನಯಾನದವರಿಗೆ ಗೋಪ್ಯ ವರದಿಯ ವ್ಯವಸ್ಥೆಯನ್ನು ನಡೆಸಿಕೊಂಡು ಬಂದಿರುವುದು ಈ ಭಯವನ್ನು ನಿವಾರಿಸುವುದಕ್ಕಾಗಿಯೇ. ಇನ್ನು ರಹಸ್ಯದ ಮಾತು. ಪೈಲಟ್ ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದ್ದ ಎಂಬುದು ರಾಷ್ಟ್ರೀಯ ಭದ್ರತೆಯ ಗುಟ್ಟಲ್ಲ.

ಆಗಬೇಕಾದ ಕೆಲಸ ಅಸಾಧ್ಯವಾದುದೇನಲ್ಲ. ಪ್ರತಿಯೊಂದು ಮಾರಣಾಂತಿಕ ಅಪಘಾತದ ತನಿಖೆಯಲ್ಲೂ ಮಾನವ ಅಂಶಗಳ ತಜ್ಞರೊಬ್ಬರಿಗೆ ಸ್ಥಾನವಿರಬೇಕು, ಪ್ರತ್ಯೇಕ ಅಭಿಪ್ರಾಯ ದಾಖಲಿಸುವ ಹಕ್ಕು ಅವರಿಗಿರಬೇಕು. ಗೋಪ್ಯ ವಿವರಗಳನ್ನು ತೆಗೆದ ಸಾರಾಂಶವನ್ನು ಸಂಸತ್ತಿನ ಮುಂದಿಡಬೇಕು. ಪ್ರಮಾಣೀಕರಣ ಸಂಸ್ಥೆಗೆ ವಿನ್ಯಾಸಕರಿಂದ ಬೇರೆಯಾದ ನೆಲೆ ಬೇಕು. ಸ್ಥಾಯಿ ಸಮಿತಿಯೂ ‘ಮಾನವ ದೋಷ’ ಎಂಬ ನಮೂದಿನ ಪಕ್ಕದಲ್ಲಿ ಇನ್ನೊಂದು ಅಂಕಣವನ್ನು ಕೇಳಬೇಕು: ಆ ದೋಷ ಮರುಕಳಿಸದಂತೆ ಬದಲಾಯಿಸಿದ್ದೇನು? ಆ ಅಂಕಣ ಖಾಲಿ ಇರುವವರೆಗೆ ತನಿಖೆ ಪೂರ್ಣಗೊಂಡಿದೆ ಎಂದು ಒಪ್ಪಿಕೊಳ್ಳಲಾಗದು.