ಹೆಸರಿನ ಅರ್ಥವನ್ನೂ ಬರೆಯಿರಿ

ಮಂಗಳೂರಿನ ಬೈಕಂಪಾಡಿ ಎಂದರೆ ಕಾರ್ಖಾನೆ, ಲಾರಿ, ಹೆದ್ದಾರಿಯ ಧೂಳು. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಕೈಗಾರಿಕೆಗಳಿರುವ ಈ ಪಟ್ಟಿಯಲ್ಲಿ, ಹಿಂದೆ ಮರದ ದಿಮ್ಮಿ ರಾಶಿ ಹಾಕುತ್ತಿದ್ದ ಜಾಗದಲ್ಲಿ, ಸುಮಾರು ಎರಡು ಸೆಂಟಿಮೀಟರ್ ಉದ್ದದ ಕಪ್ಪೆಯೊಂದು ಸಿಕ್ಕಿತು. 2018ರಲ್ಲಿ ಅದಕ್ಕೆ ‘ಮೈಕ್ರೋಹೈಲಾ ಕೊಡಿಯಾಲ್’ ಎಂದು ನಾಮಕರಣವಾಯಿತು. ಕೊಡಿಯಾಲ್ ಎಂದರೆ ಕೊಂಕಣಿಯಲ್ಲಿ ಮಂಗಳೂರು. ಕಪ್ಪೆಯ ಹತ್ತಿರದ ನೆಂಟರು ಆಗ್ನೇಯ ಏಷ್ಯಾದಲ್ಲಿರುವುದರಿಂದ, ಅದು ಹಡಗಿನ ದಿಮ್ಮಿಗಳ ಜೊತೆ ಬಂದಿಳಿಯಿತೇ ಎಂಬ ಪ್ರಶ್ನೆಯೂ ಎದ್ದಿದೆ. ಬಂದರು ನಗರಕ್ಕೆ ತಕ್ಕ ಪ್ರಜೆಯೇ ಸರಿ!

ಊರಿನ ಹೆಸರು ಹೊತ್ತ ಕಪ್ಪೆ ಸುದ್ದಿಯಾಯಿತು. ಅದೇ ಕುಲದ ‘ಆರ್ನಾಟಾ’, ‘ರುಬ್ರಾ’ಗಳನ್ನು ಕೇಳುವವರಿಲ್ಲ. ಆರ್ನಾಟಾ ಎಂದರೆ ಅಲಂಕೃತ, ರುಬ್ರಾ ಎಂದರೆ ಕೆಂಪು. ಕಪ್ಪೆಯನ್ನು ಎದುರಿಗಿಟ್ಟುಕೊಂಡು ನೋಡಿದವರು ಬರೆದ ಲ್ಯಾಟಿನ್ ವಿಶೇಷಣಗಳಿವು.

ನಮ್ಮ ಮಕ್ಕಳು ‘ಮ್ಯಾಂಜಿಫೆರಾ ಇಂಡಿಕಾ’ ಎಂದು ಉರು ಹೊಡೆಯುತ್ತಾರೆ, ಅಂಕ ಪಡೆಯುತ್ತಾರೆ, ಮರೆಯುತ್ತಾರೆ. ಮಾವು ‘ಇಂಡಿಕಾ’ ಆದರೆ ಎಳ್ಳು ‘ಇಂಡಿಕಮ್’ ಯಾಕೆ ಎಂದು ಯಾರೂ ಹೇಳಿಕೊಡುವುದಿಲ್ಲ. ಸಂಸ್ಕೃತದ ಹಾಗೆ ಲ್ಯಾಟಿನ್‌ನಲ್ಲೂ ವಿಶೇಷಣ ನಾಮಪದದ ಲಿಂಗವನ್ನು ಅನುಸರಿಸುತ್ತದೆ, ಅಷ್ಟೇ. ಐದು ನಿಮಿಷದ ಪಾಠ.

ಹಲಸನ್ನೇ ನೋಡಿ: ‘ಹೆಟೆರೋಫಿಲ್ಲಸ್’, ಅಂದರೆ ಬಗೆಬಗೆಯ ಎಲೆಯುಳ್ಳದ್ದು. ಎಳೆಯ ಸಸಿಯಲ್ಲಿ ಸೀಳು ಬಿಟ್ಟ ಎಲೆಗಳಿರುತ್ತವೆ, ಬೆಳೆದ ಮರದಲ್ಲಿ ಅಂಚು ಇಡಿಯಾಗಿರುತ್ತದೆ. ಮೂಲದ ಗ್ರೀಕ್ ಪದಗಳಿಗೆ ಲ್ಯಾಟಿನ್ ವೇಷ ತೊಡಿಸಿದ ಈ ಹೆಸರಿನ ಅರ್ಥ ಗೊತ್ತಿದ್ದ ಹುಡುಗ ಹಿತ್ತಿಲಿಗೆ ಹೋಗಿ ಎಲೆ ಹುಡುಕುತ್ತಾನೆ. ಬೂತಾಯಿ ಮೀನಿನ ‘ಲಾಂಗಿಸೆಪ್ಸ್’ ಎಂದರೆ ಉದ್ದ ತಲೆಯದ್ದು. ಅದನ್ನು ಅಡುಗೆಮನೆಯಲ್ಲೇ ಅಳೆದು ನೋಡಬಹುದು.

ತುಳುನಾಡಿಗೆ ಇನ್ನೂ ಹತ್ತಿರದ್ದು ಪಾಲೆ ಮರ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಇದರ ತೊಗಟೆಯ ಕಷಾಯ ಕುಡಿಯದ ಮನೆಗಳು ಕಡಿಮೆ. 1767ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇದಕ್ಕೆ ಕೊಟ್ಟ ವಿಶೇಷಣ ‘ಸ್ಕೊಲಾರಿಸ್’, ಅಂದರೆ ಶಾಲೆಗೆ ಸಂಬಂಧಿಸಿದ್ದು. ಮಕ್ಕಳು ಅಕ್ಷರ ತಿದ್ದುವ ಹಲಗೆಗಳನ್ನು ಇದರ ಹಗುರ ಮರದಿಂದ ಮಾಡುತ್ತಿದ್ದರು. ಶಾಲೆಯ ಹೆಸರು ಹೊತ್ತ ಮರದ ಕಥೆ ಶಾಲೆಯಲ್ಲೇ ಇಲ್ಲ.

ಕತ್ತಲಲ್ಲಿ ಪಾಲೆಯೆಂದು ಕಾಸರಕದ ತೊಗಟೆ ಕೆತ್ತಿ ತಂದು ಅಪಾಯಕ್ಕೆ ಸಿಕ್ಕವರ ಸುದ್ದಿ ಕರಾವಳಿಗೆ ಹೊಸದಲ್ಲ. ಕಾಸರಕದ ಹೆಸರು ‘ನಕ್ಸ್-ವಾಮಿಕಾ’, ವಾಂತಿ ತರಿಸುವ ಕಾಯಿ. ಬೀಜದಲ್ಲಿರುವುದು ಸ್ಟ್ರಿಕ್ನೀನ್ ಎಂಬ ವಿಷ. ಎಚ್ಚರಿಕೆ ಹೆಸರಿನಲ್ಲೇ ಇದೆ, ಓದಲು ಬರುವವರು ಬೇಕು.

ಅರಣ್ಯ ಇಲಾಖೆ, ಉದ್ಯಾನಗಳು, ಶಾಲಾ ತೋಟಗಳು ಮರಕ್ಕೆ ಫಲಕ ತೂಗುಹಾಕುವಾಗ ವೈಜ್ಞಾನಿಕ ಹೆಸರಿನ ಕೆಳಗೆ ಅದರ ಅರ್ಥವನ್ನೂ ಕನ್ನಡದಲ್ಲಿ ಬರೆಸಲಿ. ಪಠ್ಯಪುಸ್ತಕ ಸಮಿತಿಯೂ ಮುಂದಿನ ಪರಿಷ್ಕರಣೆಯಲ್ಲಿ ಇದಕ್ಕೊಂದು ಸಾಲಿನ ಜಾಗ ಕೊಡಲಿ.